ನೆನೆದ ಫೋನಿಗೆ ನಿಮ್ಮ ಗೌರವಧನ ಯಾಕೆ ಕರಗಬೇಕು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಅಂಗನವಾಡಿ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಅಕ್ಕಂದಿರೇ, ತಂಗಿಯಂದಿರೇ,

ಇಲಾಖೆ ಕೊಟ್ಟ ಮೊಬೈಲು ನೀರಿಗೆ ಬಿದ್ದರೆ ಮುಚ್ಚಿಡಬೇಡಿ. ಅದೇ ದಿನ ಬರೆದು ಕೊಡಿ. ಕೈಯಿಂದ ದುಡ್ಡು ಹಾಕಿ ಅಂಥದ್ದೇ ಇನ್ನೊಂದನ್ನು ತಂದಿಟ್ಟು ಸುಮ್ಮನಾಗಬೇಡಿ. ಈ ಪತ್ರ ಬರೆಯಲು ಕುಳಿತದ್ದು ಇಷ್ಟು ಹೇಳುವುದಕ್ಕೇ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಿಮ್ಮ ಹೆದರಿಕೆ ಹೋಗುವುದಿಲ್ಲ ಅಂತಲೂ ಗೊತ್ತು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ, ಪುರಸೊತ್ತಿನಲ್ಲಿ ಓದಿ.

ಫೋನು ಕೈಗೆ ಬಂದ ದಿನ ಅದರ ಐಎಂಇಐ ನಂಬರಿನ ಮುಂದೆ ಸಹಿ ಹಾಕಿದ್ದೀರಿ. ದಾಸ್ತಾನು ವಹಿಯಲ್ಲಿ ತೂಕದ ಯಂತ್ರ, ಕುಕ್ಕರು, ಗ್ಯಾಸ್ ಸ್ಟೌವಿನ ಸಾಲಿನಲ್ಲಿ ಅದೂ ಒಂದು ವಸ್ತು. ಕುಕ್ಕರಿನ ಹಿಡಿ ಮುರಿದರೆ ವೃತ್ತ ಸಭೆಯಲ್ಲಿ ಎಲ್ಲರ ಎದುರಿಗೇ ಹೇಳುತ್ತೀರಿ. ಫೋನು ನೆನೆದರೆ ಮಾತ್ರ ಬಾಯಿ ಕಟ್ಟುತ್ತದೆ. ಸೂಪರ್‌ವೈಸರ್ ಮೇಡಂ ಏನಂದಾರು, ನೋಟಿಸ್ ಬಂದೀತೇ, ಗೌರವಧನದಲ್ಲಿ ಮುರಿದುಕೊಂಡಾರೇ ಎಂಬ ಲೆಕ್ಕ ಶುರುವಾಗುತ್ತದೆ. ಮನೆಯಲ್ಲೂ ಹೇಳಲಾಗದೆ, ಕಚೇರಿಯಲ್ಲೂ ಹೇಳಲಾಗದೆ ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ದೇವರಿಗೆ ಕೈಮುಗಿಯುವುದು. ಆ ಎರಡು ದಿನದಲ್ಲೇ ಉಳಿಯಬಹುದಾಗಿದ್ದ ಫೋನು ಒಳಗೊಳಗೇ ಸಾಯುತ್ತದೆ. ವರದಿ ತಡವಾಯಿತೆಂಬ ತಪ್ಪೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಫೋನಿಗೆ ನೀರು ಹೇಗೆ ತಾಗುತ್ತದೆ ಅಂತ ಮೊದಲು ನೋಡೋಣ. ನಿಮ್ಮ ನಾಲ್ಕೂ ತಾಲ್ಲೂಕು ಒಂದೇ ಜಿಲ್ಲೆಗೆ ಸೇರಿದ್ದರೂ ನೀರಿನ ವಿಷಯದಲ್ಲಿ ಒಂದರಂತೆ ಒಂದಿಲ್ಲ. ತುಂಗಭದ್ರೆ ಉಕ್ಕಿದಾಗಲೆಲ್ಲ ಹೊನ್ನಾಳಿಯ ಬಾಲರಾಜ್ ಘಾಟ್‌ಗೆ ನೀರು ನುಗ್ಗುತ್ತದೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಹಸುಗೂಸು ಇದೆ ಅಂತ ಊರಿನಲ್ಲಿ ಮೊದಲು ಗೊತ್ತಿರುವುದು ಅಂಗನವಾಡಿ ಟೀಚರಿಗೆ ಮತ್ತು ಆಶಾ ಕಾರ್ಯಕರ್ತೆಗೆ. ಹೊಳೆ ಬಂದ ಹೊತ್ತಿನಲ್ಲಿ ಫೋನು ಬಿಟ್ಟು ಆ ಮನೆಗಳಿಗೆ ಹೋಗಿ ಎಂದು ಯಾರೂ ಹೇಳುವುದಿಲ್ಲ. ನ್ಯಾಮತಿ ಕಡೆ ಮಲೆನಾಡಿನ ಸೆರಗು, ಆಷಾಢದ ಜಡಿಮಳೆಯಲ್ಲಿ ಕೊಡೆ ಇದ್ದರೂ ಅರ್ಧ ಮೈ ನೆನೆಯುತ್ತದೆ. ಚನ್ನಗಿರಿಯಲ್ಲಿ ಭದ್ರಾ ನಾಲೆ, ಸೂಳೆಕೆರೆಯ ನೀರು, ಅಡಿಕೆ ತೋಟ. ತೋಟದ ಮನೆಯಲ್ಲಿರುವ ಗರ್ಭಿಣಿಯನ್ನು ನೋಡಲು ಬದು ಹಿಡಿದು, ಕಾಲುವೆ ದಾಟಿ ಹೋಗಬೇಕು.

ಜಗಳೂರಿನ ಮಾತೇ ಬೇರೆ. ಬರದ ತಾಲ್ಲೂಕಿನಲ್ಲಿ ಫೋನು ನೆನೆಯುವುದೆಲ್ಲಿ ಬಂತು ಅನ್ನಿಸಬಹುದು. 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ಸೀಮೆ ಅದು. ನೀರು ಬಂದಾಗ ಹಿಡಿದಿಟ್ಟುಕೊಳ್ಳಬೇಕಾದ ಊರಲ್ಲಿ ಕೇಂದ್ರದೊಳಗೇ ಡ್ರಮ್ಮು, ಬಕೆಟ್ಟು, ಕೊಡಗಳ ಸಾಲು ಇರುತ್ತದೆ. ಬಗ್ಗಿ ನೀರು ತೋಡುವಾಗ ಸೊಂಟಕ್ಕೆ ಸಿಕ್ಕಿಸಿದ ಫೋನು ಜಾರಿ ಡ್ರಮ್ಮಿಗೆ ಬೀಳಲು ಒಂದು ಗಳಿಗೆ ಸಾಕು. ಅದೂ ಕೊಳವೆಬಾವಿಯ ಗಡಸು ನೀರು. ಉಪ್ಪಿನಂಶ ಹೆಚ್ಚಿದ್ದಷ್ಟೂ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಫೋನಿನ ಒಳಗೆ ಹಾನಿಯೂ ಬೇಗ. ನೀರಿಲ್ಲದ ಊರಿನ ನೀರು ಫೋನಿಗೆ ಮಳೆನೀರಿಗಿಂತ ಕೆಟ್ಟದ್ದು.

ಇದರ ಮೇಲೆ ಅಡುಗೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು, 2017ರ ಅಕ್ಟೋಬರ್ 2ರಂದು ಗರ್ಭಿಣಿ ಬಾಣಂತಿಯರ ಬಿಸಿಯೂಟಕ್ಕೆ ಮಾತೃಪೂರ್ಣ ಬಂತು. ಹಾಲಿನ ಪುಡಿ ಕಲಸುವುದು, ಸಾರು ಬಡಿಸುವುದು, ಮಗುವಿನ ಕೈ ತೊಳೆಸುವುದು, ಅದರ ನಡುವೆ ಹಾಜರಾತಿ ಹಾಕುವುದು, ಫೋಟೊ ತೆಗೆಯುವುದು. ಸೀರೆಗೆ ಜೇಬಿಲ್ಲ. ಫೋನಿಗೆ ಜಾಗವೆಂದರೆ ಸೊಂಟ, ರವಿಕೆ, ಇಲ್ಲವೇ ಅಡುಗೆ ಕಟ್ಟೆ. ಮೂರರಲ್ಲಿ ಯಾವುದೂ ಒಣಗಿದ ಜಾಗವಲ್ಲ.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೀವು ದಾಖಲೆ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ 2021ರ ಮಾರ್ಚ್ 1ರಂದು ಶುರುವಾಯಿತು. 2025ರ ಜುಲೈ 1ರಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವುದು ಕಡ್ಡಾಯವಾಯಿತು. ಮುಖ ಹಿಡಿಯಬೇಕಾದರೆ ಬೆಳಕು ಬೇಕು, ಕಳಿಸಬೇಕಾದರೆ ನೆಟ್‌ವರ್ಕ್ ಬೇಕು. ಕೇಂದ್ರದೊಳಗೆ ಎರಡೂ ಸಿಗದ ಊರುಗಳಲ್ಲಿ ಟೀಚರು ಅಂಗಳಕ್ಕೆ ಬರಬೇಕು. ಮಳೆ ಹನಿಯುತ್ತಿದ್ದರೂ ತಾಯಿ ಮಗುವನ್ನು ಹೊರಗೆ ನಿಲ್ಲಿಸಿ, ಫೋನು ಎತ್ತಿ ಹಿಡಿದು, ಸುತ್ತು ತಿರುಗುವ ಆ ಗೆರೆಯನ್ನೇ ನೋಡುತ್ತಾ ನಿಲ್ಲಬೇಕು. ಹೀಗೆ ನೆನೆದ ಫೋನು ಕೆಲಸದಿಂದಲೇ ನೆನೆದದ್ದು. ಅದನ್ನು ನಿಮ್ಮ ಅಜಾಗರೂಕತೆ ಎಂದು ಬರೆಯಲು ಯಾರಿಗೂ ಬಿಡಬೇಡಿ. ನೀವೂ ಬರೆದುಕೊಡಬೇಡಿ.

ನನ್ನ ಚಿಕ್ಕಮ್ಮ ಹೊನ್ನಾಳಿ ಸೀಮೆಯಲ್ಲಿ ಅಂಗನವಾಡಿ ಟೀಚರಾಗಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಎಲ್ಲವೂ ಪುಸ್ತಕ. 2012ರ ಸುಮಾರಿಗೆ ಹೊಸ ಮಾದರಿ ಬಂದಾಗ ಹನ್ನೊಂದು ರಿಜಿಸ್ಟರು. ಹಂಚು ಸೋರಿ ಅವೂ ನೆನೆಯುತ್ತಿದ್ದವು. ಶಾಯಿ ಕಲಸಿಹೋದ ಹಾಳೆಗಳನ್ನು ಬಿಸಿಲಿಗೆ ಹರವಿ, ಮೇಲೆ ಕಲ್ಲಿಟ್ಟು ಒಣಗಿಸುತ್ತಿದ್ದರು. ಓದಲಾಗದ್ದನ್ನು ಮನೆಮನೆಗೆ ಹೋಗಿ ಕೇಳಿ ಮತ್ತೆ ಬರೆಯುತ್ತಿದ್ದರು. ಕಷ್ಟವಿತ್ತು. ಆದರೆ ನೆನೆದ ರಿಜಿಸ್ಟರಿನ ಬೆಲೆ ಕಟ್ಟು ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಪುಸ್ತಕದ ಜಾಗಕ್ಕೆ ಫೋನು ಬಂದ ಮಾತ್ರಕ್ಕೆ ಸರ್ಕಾರದ ದಾಖಲೆಯನ್ನು ಸ್ವಂತ ಖರ್ಚಿನಲ್ಲಿ ಕಾಯುವ ಹೊಣೆ ನಿಮಗೆ ಬಂದುಬಿಡಲಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿರಲಿ. ಒಬ್ಬರ ವಸ್ತುವನ್ನು ಇನ್ನೊಬ್ಬರು ಇಟ್ಟುಕೊಂಡಾಗ ಎಷ್ಟು ಜೋಪಾನ ಮಾಡಬೇಕು ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮು ಹೇಳಿದೆ. ಸಾಮಾನ್ಯ ಬುದ್ಧಿಯ ಮನುಷ್ಯ ತನ್ನದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು. ಅಷ್ಟು ಮಾಡಿಯೂ ವಸ್ತು ಹಾಳಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಇಟ್ಟುಕೊಂಡವರು ಹೊಣೆಯಲ್ಲ ಎನ್ನುತ್ತದೆ 152ನೇ ಕಲಮು. ಆ ‘ಬೇರೆ ಕರಾರು’ ಎಂಬಲ್ಲಿ ಹುಷಾರಾಗಿರಿ. ಏನಾದರೂ ಆದರೆ ಪೂರ್ತಿ ಬೆಲೆ ಕಟ್ಟುತ್ತೇನೆ ಎಂಬ ಮುಚ್ಚಳಿಕೆಗೆ ಓದದೆ ಸಹಿ ಹಾಕಿದರೆ ಈ ರಕ್ಷಣೆ ಕೈ ಬಿಟ್ಟುಹೋದೀತು. ಫೋನು ಪಡೆದಾಗ ಹಾಕಿದ ಸಹಿ ಬರೀ ಸ್ವೀಕೃತಿಯೋ ಮುಚ್ಚಳಿಕೆಯೋ ಅಂತ ಒಮ್ಮೆ ನೋಡಿ. ಪ್ರತಿ ಇಲ್ಲದಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಕಚೇರಿಯಲ್ಲಿ ಕೇಳಿ ಪಡೆಯಿರಿ.

ಸಂಬಳದಲ್ಲಿ ಮುರಿದುಕೊಳ್ಳುವುದಕ್ಕೂ ನಿಯಮವಿದೆ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದ ಕಾರ್ಮಿಕ ಕಾನೂನು ಹೇಳುತ್ತ ಬಂದದ್ದು ಇದನ್ನೇ: ವಸ್ತುವನ್ನು ಸ್ಪಷ್ಟವಾಗಿ ಒಪ್ಪಿಸಿರಬೇಕು, ಹಾನಿ ನೇರವಾಗಿ ಕೆಲಸಗಾರರ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವರ ವಿವರಣೆ ಕೇಳದೆ ಮುರಿಯಬಾರದು, ಹಾನಿಯ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ಹಿಡಿಯಬಾರದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೂ ನಷ್ಟವಾದ ಕೂಡಲೇ ಮೇಲಿನವರಿಗೆ ತಿಳಿಸಿ ಎನ್ನುತ್ತವೆ. ವೈಯಕ್ತಿಕ ಹೊಣೆಯ ಮಾತು ಅಲ್ಲಿ ಬರುವುದು ವಂಚನೆ ಅಥವಾ ನಿರ್ಲಕ್ಷ್ಯ ಇದ್ದಾಗ. ಡ್ರಮ್ಮಿಗೆ ಜಾರಿದ ಫೋನು ಎರಡೂ ಅಲ್ಲ.

ನೀವು ನೌಕರರೇ ಅಲ್ಲವಲ್ಲ, ಈ ನಿಯಮ ನಿಮಗೆಲ್ಲಿ ಅನ್ವಯಿಸುತ್ತದೆ ಎಂದು ಯಾರಾದರೂ ಕೇಳಬಹುದು. ಹೌದು, ನಮ್ಮದೇ ರಾಜ್ಯದ ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಅದೇ ಕೋರ್ಟು 2022ರ ಏಪ್ರಿಲ್ 25ರಂದು ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಗ್ರ್ಯಾಚುಟಿ ಕಾಯ್ದೆ ನಿಮಗೂ ಅನ್ವಯಿಸುತ್ತದೆ, ನಿಮ್ಮ ಗೌರವಧನ ಆ ಕಾಯ್ದೆಯ ಪ್ರಕಾರ ವೇತನವೇ ಎಂದಿತು. ಎರಡರಲ್ಲಿ ಯಾವುದನ್ನು ಹಿಡಿದರೂ ನನ್ನ ಮಾತು ನಿಲ್ಲುತ್ತದೆ. ನೀವು ನೌಕರರಾದರೆ ನೌಕರರ ರಕ್ಷಣೆ ನಿಮ್ಮದು. ನೌಕರರಲ್ಲ ಎಂದಾದರೆ, ಸೇವೆ ಮಾಡಲು ಬಂದವರಿಂದ ಸಾಮಾನಿನ ಬೆಲೆ ವಸೂಲಿ ಮಾಡುವುದು ಯಾವ ನ್ಯಾಯ? 2025-26ರ ಬಜೆಟ್ಟಿನಲ್ಲಿ ಕಾರ್ಯಕರ್ತೆಯರಿಗೆ ತಿಂಗಳಿಗೆ 1,000 ರೂಪಾಯಿ, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿತು. ಅಷ್ಟು ಪಡೆಯುವುದಕ್ಕೆ ಎಷ್ಟು ಸಲ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದೀರಿ ಎಂಬುದು ಗೊತ್ತು. ಒಂದು ಫೋನಿನ ರಿಪೇರಿ ಆ ಹೆಚ್ಚಳದ ಎಷ್ಟೋ ತಿಂಗಳನ್ನು ಒಂದೇ ಏಟಿಗೆ ನುಂಗುತ್ತದೆ.

ಈ ಸಂಕಟ ನಮ್ಮ ಜಿಲ್ಲೆಯದ್ದಷ್ಟೇ ಅಲ್ಲ. 2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಅಂಗನವಾಡಿ ಸೇವಿಕೆಯರು ಸಾವಿರಾರು ಸಂಖ್ಯೆಯಲ್ಲಿ ಹೋಗಿ ಸರ್ಕಾರ ಕೊಟ್ಟ ಫೋನುಗಳನ್ನು ವಾಪಸ್ ಕೊಟ್ಟರು. 2 ಜಿಬಿ ರ‍್ಯಾಮಿನ ಫೋನು ಆ್ಯಪಿನ ಭಾರ ತಾಳದೆ ಬಿಸಿಯಾಗುತ್ತದೆ, ನಿಂತುಹೋಗುತ್ತದೆ, ರಿಪೇರಿ ಖರ್ಚು ನಮ್ಮ ತಲೆಗೇ ಬರುತ್ತದೆ ಎಂಬುದು ಅವರ ದೂರು. ಒಬ್ಬೊಬ್ಬರೇ ಮುಚ್ಚಿಟ್ಟಿದ್ದರೆ ಅದು ಒಬ್ಬೊಬ್ಬರ ತಪ್ಪಾಗಿಯೇ ಉಳಿಯುತ್ತಿತ್ತು. ಎಲ್ಲರೂ ತಂದು ಮೇಜಿನ ಮೇಲಿಟ್ಟಾಗ ಅದು ಫೋನಿನ ತಪ್ಪು ಎಂದು ಊರಿಗೆಲ್ಲ ಗೊತ್ತಾಯಿತು.

ಇನ್ನು ಫೋನನ್ನು ಉಳಿಸುವ ಮಾತು. ನೀರಿನಿಂದ ತೆಗೆದ ಕೂಡಲೇ ಆಫ್ ಮಾಡಿ. ಆಫ್ ಆಗಿಯೇ ಹೋಗಿದ್ದರೆ ಆನ್ ಆಗುತ್ತದಾ ಅಂತ ಒತ್ತಿ ನೋಡಬೇಡಿ. ಈ ಒಂದು ಕೈತಡೆಯಿಂದಲೇ ಎಷ್ಟೋ ಫೋನು ಬದುಕುತ್ತವೆ. ನೀರೊಂದೇ ಫೋನನ್ನು ತಕ್ಷಣ ಕೊಲ್ಲುವುದಿಲ್ಲ. ನೀರು ಒಳಗಿರುವಾಗ ಬ್ಯಾಟರಿಯ ಕರೆಂಟು ಹರಿದರೆ ಶಾರ್ಟ್ ಆಗುತ್ತದೆ, ತಾಮ್ರದ ಸಣ್ಣ ಗೆರೆಗಳು ಸವೆಯುತ್ತವೆ. ತೊಳೆಯದೆ ಬಿಟ್ಟ ಹಿತ್ತಾಳೆ ಚೊಂಬಿಗೆ ಹಸಿರು ಕಿಲುಬು ಹಿಡಿಯುವ ಹಾಗೆಯೇ ಬೋರ್ಡಿನ ಮೇಲೂ ಕಿಲುಬು ಕೂರುತ್ತದೆ, ವ್ಯತ್ಯಾಸವೆಂದರೆ ಇಲ್ಲಿ ದಿನಗಟ್ಟಲೆ ಬೇಕಿಲ್ಲ. ಆದ್ದರಿಂದ ಚಾರ್ಜಿಗೆ ಹಾಕಲೇಬೇಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮಕ್ಕಳಿರುವ ಕೋಣೆಯಿಂದ ಮೊದಲು ಹೊರಗೆ ಸಾಗಿಸಿ, ಚುಚ್ಚುವುದು ಒತ್ತುವುದು ಮಾಡಬೇಡಿ.

ಸಿಮ್ ತೆಗೆದು ಒರೆಸಿ ಇಟ್ಟುಕೊಳ್ಳಿ. ಒಟಿಪಿ ಬರುವುದು ಆ ನಂಬರಿಗೆ, ಹಾಗಾಗಿ ಫೋನಿಗಿಂತ ಮೊದಲು ಉಳಿಯಬೇಕಾದ್ದು ಸಿಮ್. ಮೆಮೊರಿ ಕಾರ್ಡು ಇದ್ದರೆ ಅದನ್ನೂ ತೆಗೆಯಿರಿ. ಚಾರ್ಜರ್ ಚುಚ್ಚುವ ತೂತು ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಗಾಳಿಗೆ ಇಡಿ. ಒಲೆಯ ಹತ್ತಿರ ಬೇಡ, ಸುಡುಬಿಸಿಲೂ ಬೇಡ. ಅಕ್ಕಿಯೂ ಬೇಡ. ಅಕ್ಕಿ ಹೊರಗಿನ ಪಸೆ ಎಳೆದೀತೇ ಹೊರತು ಒಳಗೆ ಬೋರ್ಡಿನ ಕೆಳಗೆ ಸೇರಿದ ನೀರನ್ನು ಹೀರಲಾರದು, ಮೇಲಾಗಿ ತೌಡು ನುಚ್ಚು ತೂತಿನೊಳಗೆ ಕೂರುತ್ತದೆ. ಆ್ಯಪಲ್ ಕಂಪನಿ ಕೂಡ ಅಕ್ಕಿ ಚೀಲದಲ್ಲಿ ಇಡಬೇಡಿ ಎಂದು ತನ್ನ ಗ್ರಾಹಕರಿಗೆ 2024ರಲ್ಲಿ ಹೇಳಿತು. ಹಾಲು, ಗಂಜಿ, ಪಾಯಸ ಬಿದ್ದ ಫೋನಂತೂ ಒಣಗಿದರೂ ಒಳಗೆ ಅಂಟು ಉಳಿಯುತ್ತದೆ. ಅದನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆಯಬಲ್ಲ ಕೈಗೆ ಅದೇ ದಿನ ಸೇರಿಸಬೇಕು.

ಫೋನಿನ ಡಬ್ಬದ ಮೇಲೆ ಐಪಿ67 ಅಂತ ಇದ್ದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ತಡೆದೀತು ಎಂದರ್ಥ, ಅದೂ ಪ್ರಯೋಗಾಲಯದಲ್ಲಿ, ಹೊಸದಿದ್ದಾಗ. ಕಡಿಮೆ ಬೆಲೆಯ ಫೋನುಗಳಿಗೆ ಸಾಮಾನ್ಯವಾಗಿ ಅಷ್ಟೂ ಇರುವುದಿಲ್ಲ. ಸಿಮ್ ತಟ್ಟೆಯ ಒಳಗೆ ಬಿಳಿ ಚುಕ್ಕೆಯ ಸ್ಟಿಕ್ಕರ್ ಇರುವ ಫೋನುಗಳಲ್ಲಿ ನೀರು ತಾಗಿದರೆ ಆ ಚುಕ್ಕೆ ಕೆಂಪಾಗುತ್ತದೆ. ಕೆಂಪು ಕಂಡರೆ ಸರ್ವಿಸ್ ಸೆಂಟರಿನವರು ವಾರಂಟಿ ಇಲ್ಲ ಎನ್ನುತ್ತಾರೆ. ‘ನೀರು ಬಿದ್ದಿಲ್ಲ, ತಾನಾಗೇ ಕೆಟ್ಟಿತು’ ಎಂದು ಬರೆದುಕೊಟ್ಟವರ ಮಾತನ್ನು ಆ ಚುಕ್ಕೆ ಸುಳ್ಳು ಮಾಡಿಬಿಡುತ್ತದೆ, ಆಮೇಲೆ ನಿಜ ಹೇಳಿದರೂ ಕೇಳುವವರಿರುವುದಿಲ್ಲ. ನಿಜವನ್ನೇ ಬರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ರಿಪೇರಿಗೆ ಕೊಡುವ ಮುಂಚೆ ಇನ್ನೊಂದು ಯೋಚನೆ ಇರಲಿ. ನಿಮ್ಮ ಫೋನಿನಲ್ಲಿ ಊರಿನ ಗರ್ಭಿಣಿಯರ, ಬಾಣಂತಿಯರ, ಆರು ವರ್ಷದೊಳಗಿನ ಮಕ್ಕಳ ಹೆಸರು, ಫೋಟೊ, ಎಷ್ಟೋ ಸಲ ಆಧಾರ್ ಕಾರ್ಡಿನ ಚಿತ್ರವೂ ಇರುತ್ತದೆ. ಆ ತಾಯಂದಿರು ಕೊಟ್ಟದ್ದು ನಿಮ್ಮ ಮುಖ ನೋಡಿ, ಬಸ್ ಸ್ಟ್ಯಾಂಡಿನ ಅಂಗಡಿಯವನನ್ನು ನೋಡಿ ಅಲ್ಲ. ಸ್ಕ್ರೀನಿಗೆ ಲಾಕ್ ಇಟ್ಟಿರಿ, ಪಿನ್ ನಂಬರನ್ನು ಚೀಟಿಯಲ್ಲಿ ಬರೆದು ಫೋನಿನ ಹಿಂದೆ ಅಂಟಿಸಬೇಡಿ. ಆಧಾರ್ ಫೋಟೊಗಳನ್ನು ಕೆಲಸ ಮುಗಿದ ಮೇಲೆ ಅಳಿಸಿ. ರಿಪೇರಿ ಎಲ್ಲಿ ಮಾಡಿಸಬೇಕು ಎಂಬುದನ್ನು ಇಲಾಖೆಯೇ ಬರೆದು ತಿಳಿಸಬೇಕು. ಸರ್ಕಾರದ ದಾಖಲೆ ಇರುವ ಯಂತ್ರವನ್ನು ಗುಟ್ಟಾಗಿ ರಿಪೇರಿ ಮಾಡಿಸುವುದರಲ್ಲಿ ನಿಮಗಿರುವ ಅಪಾಯ ನೀರಿಗಿಂತ ದೊಡ್ಡದು.

ನಾಲೆಗೋ ಹೊಳೆಗೋ ಬಿದ್ದು ಸಿಗದೇ ಹೋದರೆ ದಾರಿ ಬೇರೆ. ಪೊಲೀಸ್ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆದು, ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿ. ಕಳೆದ ಫೋನುಗಳನ್ನು ತಡೆಯುವ ಕೇಂದ್ರ ಸರ್ಕಾರದ ಸಿಇಐಆರ್ ವ್ಯವಸ್ಥೆಯಲ್ಲಿ ಐಎಂಇಐ ನಮೂದಿಸಿದರೆ ಆ ಫೋನು ಬೇರೆಯವರ ಕೈಗೆ ಸಿಕ್ಕರೂ ನಡೆಯುವುದಿಲ್ಲ. ಐಎಂಇಐ ನಂಬರನ್ನು ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ *#06# ಒತ್ತಿದರೆ ಕಾಣುತ್ತದೆ.

ಅರ್ಜಿ ಹೇಗೆ ಬರೆಯಬೇಕು ಅಂತ ಹಿಂಜರಿಯುವವರಿಗಾಗಿ ಒಂದು ಒಕ್ಕಣೆ ಕೊಡುತ್ತೇನೆ. ನಿಮ್ಮ ವಿವರ ಹಾಕಿಕೊಂಡು ಬಳಸಿ.

“ಇವರಿಗೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಮೂಲಕ: ವೃತ್ತ ಮೇಲ್ವಿಚಾರಕಿಯರು. ಮಾನ್ಯರೇ, ನನಗೆ ಇಲಾಖೆಯಿಂದ ಒಪ್ಪಿಸಿದ ಮೊಬೈಲ್ (ಐಎಂಇಐ ಸಂಖ್ಯೆ ಇಷ್ಟು) ದಿನಾಂಕ ಇಂಥದ್ದರಂದು, ಇಷ್ಟು ಗಂಟೆಗೆ, ಕೇಂದ್ರದ ಈ ಕೆಲಸದಲ್ಲಿದ್ದಾಗ ಆಕಸ್ಮಿಕವಾಗಿ ನೀರಿಗೆ ಬಿದ್ದಿದೆ. ಕೂಡಲೇ ಆಫ್ ಮಾಡಿ, ಸಿಮ್ ತೆಗೆದು ಇಟ್ಟಿದ್ದೇನೆ. ಕೊನೆಯದಾಗಿ ದಾಖಲೆ ಕಳಿಸಿದ್ದು ಈ ದಿನ. ಹಾಜರಿದ್ದ ಸಹಾಯಕಿ ಮತ್ತು ಬಾಲವಿಕಾಸ ಸಮಿತಿಯ ಸದಸ್ಯರ ಸಹಿ ಕೆಳಗಿದೆ. ರಿಪೇರಿ ಅಥವಾ ಬದಲಿ ಫೋನಿನ ವ್ಯವಸ್ಥೆ ಮಾಡಿಕೊಡಬೇಕೆಂದೂ, ಅಲ್ಲಿಯವರೆಗೆ ಪುಸ್ತಕದಲ್ಲಿ ದಾಖಲಿಸಲು ಅನುಮತಿ ನೀಡಬೇಕೆಂದೂ ಕೋರುತ್ತೇನೆ.”

ಇದರಲ್ಲಿ ಕ್ಷಮೆ ಕೇಳುವ ಸಾಲಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ. ಕೆಟ್ಟ ಫೋನನ್ನು ಒಪ್ಪಿಸುವಾಗಲೂ ಸ್ವೀಕೃತಿ ಇಲ್ಲದೆ ಕೈಬಿಡಬೇಡಿ. ದಾಸ್ತಾನು ವಹಿಯಲ್ಲಿ ಅದನ್ನು ಕಡಿಮೆ ಮಾಡಿ ಬರೆಸುವವರೆಗೆ ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ, ನಿವೃತ್ತಿಯ ದಿನ ಲೆಕ್ಕ ಕೇಳಿದಾಗ ತೊಡಕಾಗುತ್ತದೆ.

ಕೊನೆಗೆ, ನಾಲ್ಕೂ ತಾಲ್ಲೂಕಿನವರು ಒಟ್ಟಿಗೆ ಕೇಳಬೇಕಾದ್ದು. ಪ್ರತಿ ವೃತ್ತಕ್ಕೆ ಒಂದೆರಡು ಹೆಚ್ಚುವರಿ ಫೋನು, ಫೋನಿನ ಜೊತೆಗೇ ಕೊರಳಿಗೆ ಹಾಕಿಕೊಳ್ಳುವ ನೀರು ಹೋಗದ ಚೀಲ, ಖರೀದಿಯ ಕರಾರಿನಲ್ಲೇ ನೀರಿನ ಹಾನಿಗೂ ಸೇರಿಸಿ ವಿಮೆ. ನಾಲ್ಕು ವರ್ಷ ದಾಟಿದ ಫೋನನ್ನು ಬದಲಿಸಲು ಕೇಂದ್ರ ಸರ್ಕಾರದ ಪೋಷಣ್ 2.0 ಯೋಜನೆಯಲ್ಲಿ ಅವಕಾಶವಿದೆ, ಅದನ್ನು ದಿನಾಂಕ ಸಮೇತ ಕೇಳಿ. ಚೀಲಕ್ಕೆ ತಗಲುವ ಖರ್ಚು ಫೋನಿನ ಬೆಲೆಯ ಎದುರು ಏನೇನೂ ಅಲ್ಲ, ಆದ್ದರಿಂದ ಇದು ಇಲಾಖೆಗೂ ಲಾಭದ ಮಾತೇ. ಜಿಲ್ಲಾ ಉಪನಿರ್ದೇಶಕರಿಗೆ ಬೇರೆ ಬೇರೆ ನಾಲ್ಕು ಮನವಿ ಹೋಗುವ ಬದಲು ಒಂದೇ ಮನವಿ ಹೋಗಲಿ, ಅದರ ಹಿಂದೆ ಪ್ರತಿ ವೃತ್ತದಲ್ಲಿ ಈವರೆಗೆ ಎಷ್ಟು ಫೋನು ನೀರಿನಿಂದ ಕೆಟ್ಟಿವೆ, ಖರ್ಚು ಯಾರು ಹಾಕಿದರು ಎಂಬ ಪಟ್ಟಿ ಇರಲಿ. ಮುಂದಿನ ವೃತ್ತ ಸಭೆಯಲ್ಲೇ ಆ ಪಟ್ಟಿ ಶುರು ಮಾಡಿ. ಕೈಯಿಂದ ದುಡ್ಡು ಹಾಕಿ ಇಷ್ಟು ದಿನ ಸುಮ್ಮನಿದ್ದವರ ಹೆಸರನ್ನು ಮೊದಲು ಬರೆಯಿರಿ.

ಇಂತಿ ನಿಮ್ಮ ಜಿಲ್ಲೆಯ ಒಬ್ಬ ತಂಗಿ,
ದಾವಣಗೆರೆ